ಮಿನುಗುವ ದೀಪ, ಮಿಡಿಯುವ ಹೃದಯ

ದೀಪಾವಳಿ ಹತ್ತಿರ ಬಂತೆಂದರೆ ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್, ಕ್ಲಾಂಗ್ ಪಟ್ಟಣದ ಲಿಟ್ಲ್ ಇಂಡಿಯಾ, ಪಿನಾಂಗಿನ ಜಾರ್ಜ್‌ಟೌನ್ ಬೀದಿಗಳೆಲ್ಲ ಬಣ್ಣಬಣ್ಣದ ಮಿಣುಕು ದೀಪಗಳಿಂದ ತುಂಬಿಹೋಗುತ್ತವೆ. ನಾವೂ ಒಂದೆರಡು ಸರ ಕೊಂಡು ತಂದು ಬಾಲ್ಕನಿಗೆ ಇಳಿಬಿಡುತ್ತೇವೆ. ಗುಂಡಿಯನ್ನು ಒಮ್ಮೆ ಒತ್ತಿದರೆ ದೀಪಗಳು ಪಟಪಟನೆ ಮಿನುಗುತ್ತವೆ, ಇನ್ನೊಮ್ಮೆ ಒತ್ತಿದರೆ ಮೆಲ್ಲಗೆ ಬೆಳಗಿ ಮೆಲ್ಲಗೆ ಮಂಕಾಗುತ್ತವೆ. "ಅಪ್ಪಾ, ಇದು ತಾನೇ ತಾನಾಗಿ ಹೇಗೆ ಮಿನುಗುತ್ತೆ?" ಎಂದು ಮಕ್ಕಳು ಕೇಳಿದರೆ, "ಒಳಗೆ ಚಿಪ್ ಇರುತ್ತೆ ಪುಟ್ಟಾ" ಎಂದು ಹೇಳಿ ಜಾರಿಕೊಳ್ಳುವವರೇ ನಮ್ಮಲ್ಲಿ ಹೆಚ್ಚು.

ಅದು ಉತ್ತರವಲ್ಲ. ನಾಡಿ ಏಕೆ ಬಡಿಯುತ್ತದೆ ಎಂದು ಕೇಳಿದವರಿಗೆ "ಒಳಗೆ ಹೃದಯ ಇದೆ" ಎಂದು ಹೇಳಿದಂತಾಯಿತು. ಬಡಿಯುವ ವಸ್ತು ಎಲ್ಲಿದೆ ಎಂಬುದು ತಿಳಿಯಿತೇ ಹೊರತು ಅದು ಏಕೆ ಬಡಿಯುತ್ತದೆ ಎಂಬುದು ತಿಳಿಯಲಿಲ್ಲ. ನಿಜವಾದ ಉತ್ತರವನ್ನು ಊಟದ ಮೇಜಿನ ಮೇಲೆ, ಒಂದು ರಜೆಯ ಸಂಜೆಯಲ್ಲಿ, ಮಕ್ಕಳ ಕೈಯಲ್ಲೇ ಮಾಡಿಸಿ ತೋರಿಸಬಹುದು. ಇದಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ವೈದ್ಯನಾದ ನನಗೆ ಈ ಆಟಿಕೆಯಲ್ಲಿ ಇನ್ನೊಂದು ಆಕರ್ಷಣೆ ಇದೆ. ಇದನ್ನು ಅರ್ಥಮಾಡಿಕೊಂಡ ಮಗುವಿಗೆ ತನ್ನ ಎದೆಯ ಬಡಿತವೂ ಅರ್ಧ ಅರ್ಥವಾದಂತೆಯೇ.

ತುಂಬುವುದು, ಮಗುಚುವುದು

ಹನಿಹನಿಯಾಗಿ ನೀರು ಬೀಳುವ ನಲ್ಲಿಯ ಕೆಳಗೆ, ಒಂದು ಮಟ್ಟಕ್ಕೆ ತುಂಬಿದ ಕೂಡಲೇ ಮಗುಚಿಕೊಳ್ಳುವಂತೆ ಒಂದು ಗಿಂಡಿಯನ್ನು ತೂಗುಹಾಕಿದ್ದೇವೆ ಎಂದುಕೊಳ್ಳಿ. ನೀರು ನಿಧಾನವಾಗಿ ತುಂಬುತ್ತದೆ. ಮಟ್ಟ ಮುಟ್ಟಿದೊಡನೆ ಗಿಂಡಿ ಮಗುಚಿ ನೀರೆಲ್ಲ ಒಮ್ಮೆಲೇ ಚೆಲ್ಲುತ್ತದೆ. ಖಾಲಿಯಾದ ಗಿಂಡಿ ಮತ್ತೆ ನೆಟ್ಟಗೆ ನಿಂತು ತುಂಬತೊಡಗುತ್ತದೆ. ನಲ್ಲಿಯ ಹನಿ ಒಂದೇ ಸಮನೆ ಬೀಳುತ್ತಿದ್ದರೂ ನೀರು ಚೆಲ್ಲುವುದು ಮಾತ್ರ ತಾಳಬದ್ಧವಾಗಿ. ಗಡಿಯಾರವಿಲ್ಲದೆ ಕಾಲವನ್ನು ಅಳೆಯುವ ಉಪಾಯ ಇದು.

ವಿದ್ಯುತ್ತಿನಲ್ಲಿ ಗಿಂಡಿಯ ಕೆಲಸ ಮಾಡುವುದು ಕೆಪ್ಯಾಸಿಟರ್. ನಲ್ಲಿಯನ್ನು ಬಿಗಿಹಿಡಿದು ಹನಿಯ ವೇಗವನ್ನು ನಿರ್ಧರಿಸುವುದು ರೆಸಿಸ್ಟರ್. ಮಟ್ಟ ಮುಟ್ಟಿತೇ ಎಂದು ನೋಡಿ ಮಗುಚುವುದು ಟ್ರಾನ್ಸಿಸ್ಟರ್. ಗಿಂಡಿ ದೊಡ್ಡದಾದರೆ ಅಥವಾ ನಲ್ಲಿ ಬಿಗಿಯಾದರೆ ತಾಳ ನಿಧಾನವಾಗುತ್ತದೆ. ಈ ಲೇಖನದ ಸಾರವೆಲ್ಲ ಇಷ್ಟೇ. ಉಳಿದದ್ದು ಕೈಕೆಲಸ.

ಬೇಕಾಗುವ ಸಾಮಾನು

ಬೆಂಗಳೂರಿನಲ್ಲಿ ಇಂಥ ಬಿಡಿಭಾಗಗಳಿಗೆ ಎಸ್.ಪಿ. ರೋಡ್ ಹೇಗೋ ಕ್ವಾಲಾಲಂಪುರದಲ್ಲಿ ಪುಡು ಕಡೆಯ ಜಾಲನ್ ಪಸಾರ್ ಹಾಗೆ. ಅಲ್ಲಿಗೆ ಹೋಗಲಾಗದವರು ಆನ್‌ಲೈನಿನಲ್ಲೂ ತರಿಸಬಹುದು. ಪಟ್ಟಿ ಹೀಗಿದೆ: ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಒಂದು ಬ್ರೆಡ್‌ಬೋರ್ಡ್, ಒಂದಿಷ್ಟು ಜಂಪರ್ ತಂತಿ, ಬಿಸಿ 547 ಹೆಸರಿನ ಮೂರು ಟ್ರಾನ್ಸಿಸ್ಟರ್, ಮೂರು ಕೆಂಪು ಎಲ್‌ಇಡಿ, 470 ಓಮಿನ ಮೂರು ರೆಸಿಸ್ಟರ್ (ಹಳದಿ, ನೇರಳೆ, ಕಂದು ಪಟ್ಟಿ), 68 ಕಿಲೋಓಮಿನ ಎರಡು (ನೀಲಿ, ಬೂದು, ಕಿತ್ತಳೆ), 10 ಕಿಲೋಓಮಿನ ಒಂದು (ಕಂದು, ಕಪ್ಪು, ಕಿತ್ತಳೆ), 10 ಮೈಕ್ರೋಫ್ಯಾರಡ್‌ನ ಎರಡು ಕೆಪ್ಯಾಸಿಟರ್, 220 ಮೈಕ್ರೋಫ್ಯಾರಡ್‌ನ ಒಂದು, 555 ಎಂಬ ಒಂದು ಐಸಿ. ಶಕ್ತಿಗೆ ನಾಲ್ಕು ಪೆನ್ಸಿಲ್ ಸೆಲ್ ಹಿಡಿಯುವ ಒಂದು ಡಬ್ಬಿ, ಒಂದು 9 ವೋಲ್ಟಿನ ಬ್ಯಾಟರಿ.

ಈ ಸಾಮಾನಿನಲ್ಲಿ ಎಲ್‌ಇಡಿಗಂತೂ ಮಲೇಷ್ಯಾದೊಡನೆ ಹಳೆಯ ನಂಟಿದೆ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲಿ ಮಾಡಿ ತೋರಿಸಿದರು. ಹತ್ತೇ ವರ್ಷಗಳಲ್ಲಿ, 1972ರ ಸುಮಾರಿಗೆ, ಪಿನಾಂಗಿನ ಬಯಾನ್ ಲೆಪಾಸ್ ಮುಕ್ತ ವ್ಯಾಪಾರ ವಲಯಕ್ಕೆ ಬಂದ ಮೊದಲ ಕಂಪನಿಗಳಲ್ಲಿ ಎಲ್‌ಇಡಿ ತಯಾರಿಸುವ ಲಿಟ್ರಾನಿಕ್ಸ್ ಕೂಡ ಒಂದು. ಅದೇ ಕಾರ್ಖಾನೆ ಮುಂದೆ ಓಸ್ರಾಂ ಕೈಗೆ ಬಂತು. 2017ರಲ್ಲಿ ಕೆಡಾ ರಾಜ್ಯದ ಕೂಲಿಂನಲ್ಲಿ ಓಸ್ರಾಂ ದೊಡ್ಡದೊಂದು ಎಲ್‌ಇಡಿ ಚಿಪ್ ಕಾರ್ಖಾನೆಯನ್ನೂ ತೆರೆಯಿತು. ನಮ್ಮ ಮಕ್ಕಳು ಬೆಳೆಯುತ್ತಿರುವ ನೆಲ ಇಂಥದ್ದು. ಆ ಪುಟ್ಟ ದೀಪವನ್ನು ಒಮ್ಮೆ ಕೈಯಾರೆ ಹೊತ್ತಿಸದೆ ಅವರು ದೊಡ್ಡವರಾಗಬಾರದು.

ಮೊದಲ ಪಾಠ: ಮಿನುಗುವ ಜೋಡಿ

ಮೊದಲು ಮೂರು ಗುರುತುಗಳನ್ನು ನೆನಪಿಟ್ಟುಕೊಳ್ಳಿ. ಎಲ್‌ಇಡಿಯ ಉದ್ದನೆಯ ಕಾಲು ಧನ, ಗಿಡ್ಡ ಕಾಲು ಋಣ. ಕೆಪ್ಯಾಸಿಟರಿನ ಮೈಮೇಲೆ ಪಟ್ಟೆ ಇರುವ ಬದಿಯ ಕಾಲು ಋಣ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖವನ್ನು ನಿಮ್ಮ ಕಡೆ ತಿರುಗಿಸಿ ಕಾಲುಗಳನ್ನು ಕೆಳಗೆ ಮಾಡಿ ಹಿಡಿದರೆ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್.

ಎರಡು ಟ್ರಾನ್ಸಿಸ್ಟರುಗಳನ್ನು ಬೋರ್ಡಿನ ಮೇಲೆ ಸ್ವಲ್ಪ ಅಂತರದಲ್ಲಿ ಸಿಕ್ಕಿಸಿ. ಎರಡರ ಎಮಿಟರನ್ನೂ ಬ್ಯಾಟರಿಯ ಋಣ ಸಾಲಿಗೆ ಸೇರಿಸಿ. ಧನ ಸಾಲಿನಿಂದ 470 ಓಮಿನ ರೆಸಿಸ್ಟರ್, ಅದರ ತುದಿಯಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲಿನಿಂದ ಮೊದಲ ಟ್ರಾನ್ಸಿಸ್ಟರಿನ ಕಲೆಕ್ಟರ್. ಎರಡನೆಯದಕ್ಕೂ ಹೀಗೆಯೇ. ಆಮೇಲೆ ಧನ ಸಾಲಿನಿಂದ ಎರಡೂ ಬೇಸುಗಳಿಗೆ ಒಂದೊಂದು 68 ಕಿಲೋಓಮಿನ ರೆಸಿಸ್ಟರ್ ಹಾಕಿ. ಉಳಿದದ್ದು 10 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರುಗಳ ಅಡ್ಡ ಜೋಡಣೆ. ಒಂದರ ಧನ ಕಾಲು ಮೊದಲನೆಯದರ ಕಲೆಕ್ಟರಿಗೆ, ಋಣ ಕಾಲು ಎರಡನೆಯದರ ಬೇಸಿಗೆ. ಇನ್ನೊಂದರ ಧನ ಕಾಲು ಎರಡನೆಯದರ ಕಲೆಕ್ಟರಿಗೆ, ಋಣ ಕಾಲು ಮೊದಲನೆಯದರ ಬೇಸಿಗೆ. ನಾಲ್ಕು ಸೆಲ್ಲಿನ 6 ವೋಲ್ಟ್ ಕೊಡಿ. ದೀಪಗಳು ಒಂದಾದ ಮೇಲೊಂದು ಮಿನುಗತೊಡಗುತ್ತವೆ.

ಒಳಗೆ ನಡೆಯುವುದು ಏನು? ಮೊದಲ ಟ್ರಾನ್ಸಿಸ್ಟರ್ ತೆರೆದು ತನ್ನ ದೀಪವನ್ನು ಹೊತ್ತಿಸಿದಾಗ, ಅದರ ಕಲೆಕ್ಟರಿಗೆ ಅಂಟಿಕೊಂಡ ಕೆಪ್ಯಾಸಿಟರ್ ಎರಡನೆಯದರ ಬೇಸನ್ನು ಕೆಳಕ್ಕೆ ಎಳೆದು ಅದನ್ನು ಮುಚ್ಚಿಸುತ್ತದೆ. ಆದರೆ 68 ಕಿಲೋಓಮಿನ ರೆಸಿಸ್ಟರಿನ ಮೂಲಕ ವಿದ್ಯುತ್ ಹನಿಹನಿಯಾಗಿ ಬಂದು ಆ ಬೇಸನ್ನು ಮೇಲಕ್ಕೆತ್ತುತ್ತಲೇ ಇರುತ್ತದೆ. ಅದು ಸುಮಾರು 0.7 ವೋಲ್ಟ್ ಮುಟ್ಟಿದ ಕ್ಷಣವೇ ಎರಡನೆಯ ಟ್ರಾನ್ಸಿಸ್ಟರ್ ತೆರೆದುಕೊಳ್ಳುತ್ತದೆ, ತೆರೆದುಕೊಳ್ಳುತ್ತಲೇ ಮೊದಲನೆಯದನ್ನು ಮುಚ್ಚಿಸುತ್ತದೆ. ಈಗ ತುಂಬುವ ಸರದಿ ಅದರದು. ಏತಪಾತದ ಹಲಗೆಯ ಮೇಲೆ ಕೂತ ಇಬ್ಬರು ಮಕ್ಕಳಂತೆ ಒಬ್ಬ ಮೇಲೆ, ಒಬ್ಬ ಕೆಳಗೆ.

ಲೆಕ್ಕವೂ ಸರಳ. ಒಂದು ಸರದಿಯ ಕಾಲ, ರೆಸಿಸ್ಟರ್ ಮತ್ತು ಕೆಪ್ಯಾಸಿಟರ್ ಬೆಲೆಗಳ ಗುಣಲಬ್ಧದ ಸುಮಾರು 0.7 ಪಾಲು. ದಾರಿಯಲ್ಲಿ ಎಲ್‌ಇಡಿ ಇರುವುದರಿಂದ ನಮ್ಮಲ್ಲಿ ಇದು 0.6ರ ಆಸುಪಾಸಿಗೆ ಇಳಿಯುತ್ತದೆ. 68 ಕಿಲೋಓಮ್, 10 ಮೈಕ್ರೋಫ್ಯಾರಡ್ ಗುಣಿಸಿದರೆ 0.68 ಸೆಕೆಂಡು, ಅದರ 0.6 ಪಾಲು ಸುಮಾರು 0.4 ಸೆಕೆಂಡು. ಎರಡು ಸರದಿ ಸೇರಿ 0.8 ಸೆಕೆಂಡು. ಅಂದರೆ ಒಂದೊಂದು ದೀಪವೂ ನಿಮಿಷಕ್ಕೆ ಸುಮಾರು 75 ಬಾರಿ ಮಿನುಗುತ್ತದೆ. ಕೆಪ್ಯಾಸಿಟರಿನ ಮೇಲೆ ಬರೆದ ಬೆಲೆ ಶೇಕಡ 20ರಷ್ಟು ಆಚೀಚೆ ಇರಬಹುದಾದ್ದರಿಂದ ನಿಮ್ಮ ಮನೆಯ ದೀಪ ಸ್ವಲ್ಪ ಅವಸರದ್ದೋ ಸ್ವಲ್ಪ ಸಾವಧಾನದ್ದೋ ಆಗಿರುತ್ತದೆ.

75 ಎಂಬ ಸಂಖ್ಯೆಯನ್ನು ಬೇಕೆಂದೇ ಆರಿಸಿದ್ದೇನೆ. ಮಗುವಿನ ಬೆರಳುಗಳನ್ನು ನಿಮ್ಮ ಮಣಿಕಟ್ಟಿನ ನಾಡಿಯ ಮೇಲೆ ಇಡಿಸಿ, ಕಣ್ಣುಗಳನ್ನು ದೀಪದ ಮೇಲೆ ಇಡಲು ಹೇಳಿ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ 60ರಿಂದ 100 ಬಾರಿ ಬಡಿಯುತ್ತದೆ. ದೀಪವೂ ನಾಡಿಯೂ ಹೆಚ್ಚುಕಡಿಮೆ ಜೊತೆಯಾಗಿ ನಡೆಯುವುದನ್ನು ಕಂಡ ಮಗುವಿನ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ.

ಎದೆಯೊಳಗೂ ಅದೇ ಗಿಂಡಿ

ಹೃದಯದ ಬಲ ಮೇಲ್ಗೋಣೆಯ ಗೋಡೆಯಲ್ಲಿ ಸೈನಸ್ ನೋಡ್ ಎಂಬ ಸಣ್ಣ ಜೀವಕೋಶಗಳ ಗುಂಪಿದೆ. ಈ ಕೋಶಗಳು ಸುಮ್ಮನೆ ಕೂರುವ ಜಾತಿಯವಲ್ಲ. ಅವುಗಳ ಪೊರೆಯ ಮೂಲಕ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಮೆಲ್ಲಗೆ ಒಳಸೋರುತ್ತಿರುತ್ತವೆ. ಒಳಗಿನ ವೋಲ್ಟೇಜು ಸುಮಾರು ಋಣ 60 ಮಿಲಿವೋಲ್ಟಿನಿಂದ ಮೇಲೇರಿ ಋಣ 40ರ ಹತ್ತಿರ ಬಂದೊಡನೆ ಕೋಶ ಮಗುಚಿದಂತೆ ಸಿಡಿಯುತ್ತದೆ. ಆ ಮಿಡಿತ ಇಡೀ ಹೃದಯಕ್ಕೆ ಹರಡಿ ಒಂದು ಬಡಿತವಾಗುತ್ತದೆ. ಮತ್ತೆ ಮೊದಲಿನಿಂದ ತುಂಬುವಿಕೆ. ಹೆದರಿದಾಗ, ಓಡಿದಾಗ ನರಗಳು ನಲ್ಲಿಯನ್ನು ಸಡಿಲಿಸುತ್ತವೆ, ನಿದ್ದೆಯಲ್ಲಿ ಬಿಗಿಮಾಡುತ್ತವೆ. 1928ರಲ್ಲೇ ಡಚ್ ಎಂಜಿನಿಯರ್ ಬಾಲ್ಥಜಾರ್ ವಾನ್ ಡೆರ್ ಪೋಲ್ ಹೃದಯದ ಬಡಿತವನ್ನು ಇಂಥ ತುಂಬಿ-ಚೆಲ್ಲುವ ಆಂದೋಲನವೆಂದು ವಿವರಿಸಿ, ಅದರ ವಿದ್ಯುತ್ ಮಾದರಿಯನ್ನೂ ಮಾಡಿ ತೋರಿಸಿದ್ದರು.

ಇದು ಬರೀ ಹೋಲಿಕೆಯಾಗಿ ಉಳಿಯಲಿಲ್ಲ, ಪ್ರಾಣ ಉಳಿಸುವ ಸಾಧನವೂ ಆಯಿತು. 1950ರ ದಶಕದಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಡಾ. ವಾಲ್ಟನ್ ಲಿಲಿಹೈ ಹುಟ್ಟಿನಿಂದಲೇ ಹೃದಯದೋಷವಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಚಿಕಿತ್ಸೆಯ ನಂತರ ಕೆಲವು ಮಕ್ಕಳ ಹೃದಯಕ್ಕೆ ಕೆಲಕಾಲ ಹೊರಗಿನಿಂದ ವಿದ್ಯುತ್ತಿನ ತಾಳ ಕೊಡಬೇಕಾಗುತ್ತಿತ್ತು. ಆಗಿನ ಪೇಸ್‌ಮೇಕರುಗಳು ಗಾಡಿಯ ಮೇಲೆ ತಳ್ಳಿಕೊಂಡು ಹೋಗುವ ದೊಡ್ಡ ಪೆಟ್ಟಿಗೆಗಳು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ತಂತಿಯ ಉದ್ದದಷ್ಟೇ ರೋಗಿಯ ಓಡಾಟ. 1957ರ ಅಕ್ಟೋಬರ್ 31ರಂದು ಆ ಊರಿನಲ್ಲಿ ಕರೆಂಟ್ ಹೋಯಿತು. ಪ್ಲಗ್ಗನ್ನು ನಂಬಿದ್ದ ಪುಟ್ಟ ಹೃದಯಗಳಿಗೆ ಎಂಥ ಅಪಾಯ ಕಾದಿದೆ ಎಂಬುದು ಎಲ್ಲರಿಗೂ ಮನದಟ್ಟಾಯಿತು.

ಲಿಲಿಹೈ ಅವರು ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡಿಕೊಡುತ್ತಿದ್ದ ಅರ್ಲ್ ಬಾಕನ್ ಎಂಬ ಎಂಜಿನಿಯರನ್ನು ಕೇಳಿದರು: ಬ್ಯಾಟರಿಯಿಂದ ನಡೆಯುವಂಥದ್ದು ಮಾಡಿಕೊಡಬಹುದೇ? ಬಾಕನ್ 1949ರಲ್ಲಿ ತಮ್ಮ ಭಾವನೆಂಟನೊಡನೆ ಒಂದು ಗ್ಯಾರೇಜಿನಲ್ಲಿ ಮೆಡ್‌ಟ್ರಾನಿಕ್ ಎಂಬ ಪುಟ್ಟ ಕಂಪನಿ ಶುರುಮಾಡಿದ್ದವರು. ಅವರಿಗೆ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಎಂಬ ಹವ್ಯಾಸಿಗಳ ಪತ್ರಿಕೆಯ 1956ರ ಏಪ್ರಿಲ್ ಸಂಚಿಕೆಯಲ್ಲಿ ನೋಡಿದ್ದೊಂದು ಸರ್ಕ್ಯೂಟ್ ನೆನಪಾಯಿತು. ಅದು ಸಂಗೀತ ಕಲಿಯುವವರಿಗೆ ಟಕ್ ಟಕ್ ಎಂದು ತಾಳ ಹಾಕುವ ಮೆಟ್ರೋನೋಮ್. ಅದರಲ್ಲಿದ್ದದ್ದು ಎರಡೇ ಟ್ರಾನ್ಸಿಸ್ಟರು. ಸಂಗೀತದ ತಾಳದ ಗತಿಯೂ ಹೃದಯದ ಗತಿಯೂ ಸುಮಾರಾಗಿ ಒಂದೇ ವ್ಯಾಪ್ತಿಯವಲ್ಲವೇ? ಬಾಕನ್ ಅದರ ಲೌಡ್‌ಸ್ಪೀಕರನ್ನು ತೆಗೆದುಹಾಕಿ, ಆ ಮಿಡಿತವನ್ನು ಹೃದಯಕ್ಕೆ ಹೋಗುವ ತಂತಿಗೆ ಕೊಟ್ಟರು. ಕೆಲವೇ ವಾರಗಳಲ್ಲಿ ಅಂಗೈಯಗಲದ ಪೆಟ್ಟಿಗೆ ಸಿದ್ಧವಾಯಿತು. ಪ್ರಾಣಿಯ ಮೇಲೆ ಪರೀಕ್ಷೆ ನಡೆದ ಬೆನ್ನಲ್ಲೇ ಅದು ಒಂದು ಮಗುವಿನ ಹೃದಯವನ್ನು ನಡೆಸತೊಡಗಿತು.

ಮರುವರ್ಷ, 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಡಾ. ಆಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ದೇಹದೊಳಗೇ ಇಡುವ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಎಂಬವರಿಗೆ ಅಳವಡಿಸಿದರು. ಆ ಸರ್ಕ್ಯೂಟಿಗೆ ರಾಳ ಎರಕ ಹೊಯ್ಯಲು ಅಚ್ಚಾಗಿ ಬಳಸಿದ್ದು ಬೂಟ್ ಪಾಲಿಷಿನ ಡಬ್ಬಿ. ಮೊದಲ ಯಂತ್ರ ನಡೆದದ್ದು ಕೆಲವೇ ಗಂಟೆ. ಆದರೆ ಮುಂದೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರುಗಳ ನೆರವಿನಿಂದ ಲಾರ್ಸನ್ 2001ರವರೆಗೆ, 86ನೆಯ ವಯಸ್ಸಿನವರೆಗೆ, ಬದುಕಿದರು.

ಆರಂಭಿಕರ ಪತ್ರಿಕೆಯ ಎರಡು ಟ್ರಾನ್ಸಿಸ್ಟರಿನ ಆಟಿಕೆಯನ್ನು ಯಾರಾದರೂ 'ಮಕ್ಕಳಾಟ' ಎಂದರೆ ನನಗೆ ನೆನಪಾಗುವುದು ಈ ಕಥೆ.

ಎರಡನೆಯ ಪಾಠ: ಉಸಿರಾಡುವ ದೀಪ

ಮಿನುಗುವಿಕೆ ಹೃದಯದ್ದಾದರೆ, ಮೆಲ್ಲಗೆ ಬೆಳಗಿ ಮೆಲ್ಲಗೆ ಮಂಕಾಗುವುದು ಉಸಿರಿನದು. ಮೊದಲ ಪಾಠದಲ್ಲಿ ಗಿಂಡಿ ಮಗುಚುವುದನ್ನಷ್ಟೇ ನೋಡಿದೆವು. ಈಗ ಗಿಂಡಿಯೊಳಗಿನ ನೀರಿನ ಮಟ್ಟವನ್ನೇ ದೀಪಕ್ಕೆ ತೋರಿಸುತ್ತೇವೆ.

ಇದಕ್ಕೆ 555 ಬೇಕು. ಹ್ಯಾನ್ಸ್ ಕಾಮೆನ್ಜಿಂಡ್ 1971ರಲ್ಲಿ ವಿನ್ಯಾಸ ಮಾಡಿ, ಸಿಗ್ನೆಟಿಕ್ಸ್ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದ ಈ ಎಂಟು ಕಾಲಿನ ಐಸಿ ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. ಅದರ ತಲೆಯ ಕಚ್ಚನ್ನು ಮೇಲ್ಮುಖವಾಗಿ ಇಟ್ಟರೆ ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ 1ರಿಂದ 4, ಬಲಬದಿಯಲ್ಲಿ ಕೆಳಗಿನಿಂದ ಮೇಲಕ್ಕೆ 5ರಿಂದ 8.

1ನೆಯ ಕಾಲನ್ನು ಋಣಕ್ಕೆ, 4 ಮತ್ತು 8ನ್ನು ಧನಕ್ಕೆ ಸೇರಿಸಿ. 2 ಮತ್ತು 6ನ್ನು ಒಂದು ತಂತಿಯಿಂದ ಕೂಡಿಸಿ. 3ರಿಂದ ಈ ಕೂಡುವ ಜಾಗಕ್ಕೆ 10 ಕಿಲೋಓಮಿನ ರೆಸಿಸ್ಟರ್. ಅದೇ ಜಾಗದಿಂದ ಋಣ ಸಾಲಿಗೆ 220 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರ್, ಪಟ್ಟೆಯ ಕಾಲು ಋಣದ ಕಡೆಗೆ. 5 ಮತ್ತು 7 ಖಾಲಿ ಇರಲಿ. ಉಳಿದ ಟ್ರಾನ್ಸಿಸ್ಟರಿನ ಬೇಸನ್ನೂ ಅದೇ ಕೂಡುವ ಜಾಗಕ್ಕೆ, ಕಲೆಕ್ಟರನ್ನು ಧನಕ್ಕೆ ಕೊಡಿ. ಎಮಿಟರಿನಿಂದ 470 ಓಮಿನ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಋಣಕ್ಕೆ. ಇದಕ್ಕೆ 9 ವೋಲ್ಟ್ ಕೊಡಿ.

ಕೆಪ್ಯಾಸಿಟರಿನ ಮಟ್ಟ 6 ವೋಲ್ಟಿಗೆ, ಅಂದರೆ ಮೂರನೆಯ ಎರಡು ಪಾಲಿಗೆ, ಏರಿದೊಡನೆ 555 ದಿಕ್ಕು ಬದಲಿಸಿ ಅದನ್ನು ಬಸಿಯತೊಡಗುತ್ತದೆ. 3 ವೋಲ್ಟಿಗೆ ಇಳಿದೊಡನೆ ಮತ್ತೆ ತುಂಬತೊಡಗುತ್ತದೆ. ಟ್ರಾನ್ಸಿಸ್ಟರ್ ಆ ಏರಿಳಿತವನ್ನು ಹಿಂಬಾಲಿಸಿ ದೀಪಕ್ಕೆ ಹೆಚ್ಚು ಕಡಿಮೆ ವಿದ್ಯುತ್ ಬಿಡುತ್ತದೆ. ಒಂದು ಸುತ್ತಿಗೆ ಸುಮಾರು 4 ಸೆಕೆಂಡು, ಅಂದರೆ ನಿಮಿಷಕ್ಕೆ 15ರ ಹತ್ತಿರ. ನೆಮ್ಮದಿಯಿಂದ ಕೂತ ವಯಸ್ಕರ ಉಸಿರೂ ನಿಮಿಷಕ್ಕೆ 12ರಿಂದ 20. ದೀಪದ ಜೊತೆ ಉಸಿರೆಳೆದು ಬಿಡುವ ಆಟ ಮಕ್ಕಳಿಗೆ ತುಂಬ ಇಷ್ಟವಾಗುತ್ತದೆ.

ದೀಪ ಹೊತ್ತದಿದ್ದರೆ ಗಾಬರಿ ಬೇಡ. ರೋಗಿಯನ್ನು ನೋಡುವ ಕ್ರಮವೇ ಇಲ್ಲೂ ಸಾಕು. ಮೊದಲು ಬ್ಯಾಟರಿಯ ಎರಡು ತುದಿ, ಆಮೇಲೆ ಎಲ್‌ಇಡಿಯ ಕಾಲು ತಿರುಗುಮುರುಗಾಗಿದೆಯೇ, ಆಮೇಲೆ ಟ್ರಾನ್ಸಿಸ್ಟರಿನ ಮುಖ, ಕೊನೆಗೆ ಸಡಿಲವಾದ ತಂತಿ. ಮೊದಲ ಪಾಠದ ಎರಡೂ ದೀಪ ಒಟ್ಟಿಗೆ ಉರಿಯುತ್ತ ನಿಂತುಬಿಟ್ಟರೆ ಒಂದು ಕೆಪ್ಯಾಸಿಟರನ್ನು ಕಿತ್ತು ಮತ್ತೆ ಸಿಕ್ಕಿಸಿ. ತಪ್ಪನ್ನು ಹುಡುಕುವ ಕೆಲಸವನ್ನು ಮಗುವಿಗೇ ಬಿಡಿ. ಕಲಿಕೆಯ ಮುಕ್ಕಾಲು ಪಾಲು ಅಲ್ಲೇ ಇದೆ.

ನದಿಯ ದಂಡೆಯ ಮಿಂಚುಹುಳ

ಮಲಯ್ ಭಾಷೆಯಲ್ಲಿ ಮಿಂಚುಹುಳಕ್ಕೆ 'ಕೆಲಿಪ್-ಕೆಲಿಪ್' ಎನ್ನುತ್ತಾರೆ. ಮಿನುಗುವ ದೀಪಕ್ಕೂ ಅದೇ ಮಾತು. ನಮ್ಮ ಮಿನುಗು, ಮಿಂಚು, ಮಿಣುಕು, ಮಿಟುಕು, ಮಿರುಗುಗಳ ಹಾಗೆ ಕೇಳಿದೊಡನೆ ಕಣ್ಣಿಗೆ ಕಾಣುವ ಪದ. ಕ್ವಾಲಾ ಸೆಲಾಂಗೊರಿನ ಕಂಪುಂಗ್ ಕ್ವಾಂತಾನಿನಲ್ಲಿ ರಾತ್ರಿ ದೋಣಿಯಲ್ಲಿ ಹೋದರೆ ಸೆಲಾಂಗೊರ್ ನದಿಯ ದಂಡೆಯ ಬೆರೆಂಬಾಂಗ್ ಮರಗಳ ಮೇಲೆ ಸಾವಿರಾರು ಮಿಂಚುಹುಳಗಳು ತಾಳ ಹಾಕಿದಂತೆ ಒಟ್ಟಾಗಿ ಮಿನುಗುವುದನ್ನು ಕಾಣಬಹುದು. ಪ್ರತಿ ಹುಳದೊಳಗೂ ತುಂಬಿ ಚೆಲ್ಲುವ ಒಂದು ಗಿಂಡಿ ಇದೆ ಎಂದುಕೊಳ್ಳಿ. ಪಕ್ಕದವನ ಮಿಂಚನ್ನು ಕಂಡಾಗ ತನ್ನ ಗಿಂಡಿ ಚೂರು ಬೇಗ ತುಂಬುತ್ತದೆ. ಹೀಗೆ ಹೊಂದಿಕೊಳ್ಳುತ್ತ ಹೊಂದಿಕೊಳ್ಳುತ್ತ ಎಲ್ಲವೂ ಒಂದಾಗುತ್ತವೆ.

ಹೃದಯದ ಸೈನಸ್ ನೋಡಿನ ಕೋಶಗಳು ನಾಯಕನಿಲ್ಲದೆ ಒಟ್ಟಾಗಿ ಮಿಡಿಯುವುದು ಹೇಗೆಂದು ಗಣಿತಜ್ಞ ಚಾರ್ಲ್ಸ್ ಪೆಸ್ಕಿನ್ 1975ರಲ್ಲಿ ಇಂಥದೇ ಮಾದರಿ ಮಾಡಿದ್ದರು. 1990ರಲ್ಲಿ ಮಿರೊಲೊ ಮತ್ತು ಸ್ಟ್ರೊಗಾಟ್ಜ್ ಅದನ್ನು ಮುಂದುವರಿಸಿ, ಇಂಥ ಮಿಡಿತಗಳು ಎಷ್ಟೇ ಚೆದುರಿ ಆರಂಭವಾದರೂ ಸಾಮಾನ್ಯವಾಗಿ ಕೊನೆಗೆ ಒಂದೇ ತಾಳಕ್ಕೆ ಬರುತ್ತವೆ ಎಂದು ಗಣಿತದಿಂದ ತೋರಿಸಿದರು. ಹುಳಕ್ಕೂ ಹೃದಯಕ್ಕೂ ಒಂದೇ ಲೆಕ್ಕ. ನೋಡಲು ಹೋದಾಗ ಟಾರ್ಚ್, ಫ್ಲ್ಯಾಷ್ ಬಳಸಬೇಡಿ. ಹುಳಗಳು ಮಾತಾಡುವುದು ಬೆಳಕಿನಲ್ಲಿ, ನಮ್ಮ ಬೆಳಕು ಅವಕ್ಕೆ ಗದ್ದಲ.

ವೈದ್ಯನ ಮೂರು ಎಚ್ಚರಿಕೆ

ಒಂದು: ಈ ಪ್ರಯೋಗಗಳು ಬ್ಯಾಟರಿಯಲ್ಲೇ ನಡೆಯಲಿ. ಗೋಡೆಯ 240 ವೋಲ್ಟಿನ ಹತ್ತಿರ ಬ್ರೆಡ್‌ಬೋರ್ಡ್ ಸುಳಿಯಬಾರದು.

ಎರಡು: ತೀರ ವೇಗವಾಗಿ ಮಿನುಗಿಸಬೇಡಿ. ಮೊದಲ ಪಾಠದಲ್ಲಿ 10ರ ಬದಲು 1 ಮೈಕ್ರೋಫ್ಯಾರಡ್ ಹಾಕಿದರೆ ಮಿನುಗು ಸೆಕೆಂಡಿಗೆ 12-13 ಬಾರಿಗೆ ಏರುತ್ತದೆ. ಕೆಲವರಲ್ಲಿ ಇಂಥ ವೇಗದ ಮಿನುಗು ಮೂರ್ಛೆರೋಗದ ಸೆಳೆತವನ್ನು ತರಬಲ್ಲದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಟಿವಿಯ ಪೋಕೆಮಾನ್ ಕಾರ್ಟೂನಿನಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿದಾಗ ಆರುನೂರಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಸೆಕೆಂಡಿಗೆ ಮೂರಕ್ಕಿಂತ ಕಡಿಮೆ ಇರಲಿ.

ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು: ಅಂಗಡಿಯ ಮಿಣುಕು ಆಟಿಕೆ, ಎಲ್‌ಇಡಿ ಹಣತೆಗಳಲ್ಲಿ ನಾಣ್ಯದಂಥ ಬಟನ್ ಸೆಲ್ ಇರುತ್ತದೆ. ಪುಟ್ಟ ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟಗಾಯವಾಗಬಹುದು. ವಾಂತಿ ಮಾಡಿಸಬೇಡಿ, 'ನಾಳೆ ತಾನಾಗಿ ಹೊರಗೆ ಬರುತ್ತದೆ' ಎಂದು ಕಾಯಬೇಡಿ. ನುಂಗಿದ ಅನುಮಾನ ಬಂದರೂ ಸಾಕು, ತಕ್ಷಣ ಎಮರ್ಜೆನ್ಸಿಗೆ ಓಡಿ, ಎಕ್ಸ್‌ರೇ ತೆಗೆಸಿ. ಮಲೇಷ್ಯಾದಲ್ಲಿ 999ಕ್ಕೆ ಕರೆಮಾಡಿ. ಒಂದು ವರ್ಷ ದಾಟಿದ ಮಗುವಾಗಿದ್ದು, ನುಂಗಿ 12 ಗಂಟೆಯೊಳಗಾಗಿದ್ದು, ನುಂಗಲು ತೊಂದರೆಯಿಲ್ಲದಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು, ಆರು ಸಲದವರೆಗೆ. ಆದರೆ ಜೇನು ಹುಡುಕುತ್ತ ಹೊರಡುವುದನ್ನು ತಡಮಾಡಬೇಡಿ. ಮನೆಯಲ್ಲಿ ಕೂಸುಗಳಿದ್ದರೆ ಸ್ಕ್ರೂ ಹಾಕಿ ಮುಚ್ಚುವ ಬ್ಯಾಟರಿ ಡಬ್ಬಿಯೇ ಇರಲಿ.

ಗೂಡಿಗೆ ಉಸಿರು

ನಮ್ಮ ಕರಾವಳಿಯಲ್ಲಿ ದೀಪಾವಳಿಗೆ ಬಿದಿರ ಕಡ್ಡಿ, ಬಣ್ಣದ ಕಾಗದಗಳಿಂದ ಗೂಡುದೀಪ ಕಟ್ಟುತ್ತಾರೆ. ಬೇರೆ ಕಡೆ ಅದೇ ಆಕಾಶಬುಟ್ಟಿ. ಈ ವರ್ಷ ನೀವೂ ಒಂದನ್ನು ಕಟ್ಟಿ, ಅದರೊಳಗೆ ಎರಡನೆಯ ಪಾಠದ ದೀಪವನ್ನು ಇಟ್ಟು ನೋಡಿ. ಕೆಂಪು ಎಲ್‌ಇಡಿ ಬದಲು ಬಿಳಿಯದನ್ನು ಹಾಕಿದರೆ ಪ್ರತಿ ಸಲವೂ ಪೂರ್ತಿ ಆರಿ ಮತ್ತೆ ಬೆಳಗುತ್ತದೆ. ಅಂಗಡಿಯ ಸರದಷ್ಟು ಝಗಮಗ ಇದರಲ್ಲಿ ಇರುವುದಿಲ್ಲ. ಆದರೆ ಪಕ್ಕದ ಮನೆಯ ಮಲಯ್ ಅಥವಾ ಚೀನೀ ಗೆಳೆಯರು ಬಂದು "ಇದು ಹೇಗೆ ಬೆಳಗಿ ಆರುತ್ತದೆ?" ಎಂದು ಕೇಳಿದಾಗ ನಿಮ್ಮ ಮಗ ಅಥವಾ ಮಗಳು 'ಒಳಗೆ ಚಿಪ್ ಇದೆ' ಎನ್ನುವುದಿಲ್ಲ. ಗಿಂಡಿ ತುಂಬುವ ಕಥೆ ಹೇಳಿ, ಅವರ ಕೈಹಿಡಿದು ನಾಡಿ ಮುಟ್ಟಿಸುತ್ತಾರೆ.